ಹತ್ತು ಲಕ್ಷದ ಏಳು

"ಇಷ್ಟು ಜನ ನಮಗಿಂತ ಮುಂಚೆ ಕಾಯಿಲೆ ಬಿದ್ರಾ?"

ಮೇಸ್ತ್ರಿ ಈ ಪ್ರಶ್ನೆಯನ್ನು ಯಾರನ್ನೂ ಕೇಳಲಿಲ್ಲ. ಕಿಟಕಿಯ ಒಳಗಿನಿಂದ ಬಂದ ಚೀಟಿಯನ್ನು ಎರಡು ಕೈಯಲ್ಲಿ ಹಿಡಿದು, ಅದರ ಮೇಲೆ ಒತ್ತಿದ್ದ ನೀಲಿ ಅಂಕಿಗಳನ್ನು ಎಡದಿಂದ ಬಲಕ್ಕೆ ಓದಿ, ನಂಬಿಕೆ ಬಾರದೆ ಬಲದಿಂದ ಎಡಕ್ಕೂ ಓದಿ, ಗೋಡೆಯ ಕಡೆ ತಿರುಗಿ ಕೇಳಿದ. ಚೀಟಿಯಲ್ಲಿ ೧೦,೦೦,೦೦೭ ಎಂದಿತ್ತು. ಗೋಡೆಯ ಪರವಾಗಿ ಕಿಟಕಿಯವನೇ ಉತ್ತರ ಕೊಟ್ಟ.

"ಬಿದ್ದವರು ಇನ್ನೂ ಜಾಸ್ತಿ. ಅರ್ಜಿ ಹಾಕಿದವರು ಇಷ್ಟು. ಮುಂದೆ ನಡೀರಿ."

ಅದು ದೊಡ್ಡ ಆಪರೇಷನ್‌ಗಳಿಗೆ ಅನುಮತಿ ಕೊಡುವ ಕಚೇರಿ. ಅಲ್ಲಿಂದ ಸಹಿಯಾದ ಕಾಗದ ಬರುವವರೆಗೆ ಆಸ್ಪತ್ರೆಯವರು ಚಾಕು ಮುಟ್ಟುವುದಿಲ್ಲ. ಮೇಸ್ತ್ರಿಯ ಅಕ್ಕನ ಎದೆಯೊಳಗೆ ಕವಾಟವೊಂದು ಸವೆದುಹೋಗಿತ್ತು. ಡಾಕ್ಟರು ಎರಡು ಬೆರಳು ಎತ್ತಿ ತೋರಿಸಿ, "ಎರಡು ತಿಂಗಳು. ಅದರೊಳಗೆ ಆದರೆ ಆಯ್ತು. ಆಮೇಲೆ ಕೊಯ್ದರೆ ಅದು ನಿಮ್ಮ ಸಮಾಧಾನಕ್ಕೆ" ಎಂದಿದ್ದರು.

ಸಾಲು ಕಾರಿಡಾರಿನ ತುದಿಯವರೆಗೆ ಹೋಗಿ ಹಿಂದಕ್ಕೆ ಮಡಚಿಕೊಂಡಿತ್ತು. ಹಾಗಾಗಿ ಹದಿಮೂರು ಜನರಷ್ಟು ಹಿಂದಿದ್ದ ಇಸ್ತ್ರಿ ಅಂಗಡಿಯವಳು ಬೆಳಗಿನಿಂದ ಮೇಸ್ತ್ರಿಯ ಎದುರಿಗೇ ನಿಂತಿದ್ದಳು. ಅವಳ ಗಂಡನ ಹೊಟ್ಟೆಯಲ್ಲಿ ಗೆಡ್ಡೆ. ಅದು ಎಷ್ಟು ದಪ್ಪವಿದೆ ಎಂದು ಮುಷ್ಟಿ ಹಿಡಿದು ತೋರಿಸಿದ್ದಳು. ತನ್ನ ಚೀಟಿ ಕೈಗೆ ಬಂದ ಮೇಲೆ ಅವಳು ಅದನ್ನು ಮೇಸ್ತ್ರಿಯ ಚೀಟಿಯ ಪಕ್ಕಕ್ಕೆ ಹಿಡಿದು ನೋಡಿದಳು.

"ನಿಮಗೆ ಏಳು, ನನಗೆ ಇಪ್ಪತ್ತು. ಹತ್ತು ಲಕ್ಷ ನಮ್ಮಿಬ್ಬರಿಗೂ ಸಮ ಅಲ್ವಾ ಅಣ್ಣಾ?"

"ಸಮ ತಾಯಿ. ಅದರಲ್ಲಿ ನಾವು ಜಗಳ ಆಡೋ ಹಾಗಿಲ್ಲ."

ಮೇಸ್ತ್ರಿ ಊರವರ ಮನೆಗಳಿಗೆ ಟೈಲ್ಸ್ ಹಾಸುವವನು. ಆ ಕೆಲಸದವರಿಗೆ ಒಂದು ಚಟವಿರುತ್ತದೆ. ಯಾವ ಸಂಖ್ಯೆ ಕಂಡರೂ ಅದನ್ನು ಮನಸ್ಸಿನಲ್ಲೇ ನೆಲದ ಮೇಲೆ ಹಾಸಿ ನೋಡುತ್ತಾರೆ. ಮನೆ ಸೇರುವಷ್ಟರಲ್ಲಿ ಅವನು ಹತ್ತು ಲಕ್ಷದ ಏಳು ಟೈಲುಗಳನ್ನು ಹತ್ತು ಸಾಲಾಗಿ ಹಾಸಿದ್ದ, ಏಳು ಉಳಿದವು. ಎಂಟು ಸಾಲಾಗಿ ಹಾಸಿದ, ಆಗಲೂ ಏಳು. ಏಳು ಸಾಲು ಹಾಸಿದಾಗ ಒಂದೇ ಒಂದು ಉಳಿದು ಬಾಗಿಲ ಬಳಿ ಅನಾಥವಾಗಿ ಬಿದ್ದಿತ್ತು. ಯಾವ ಕೋಣೆಗೂ ಕೂರದ ಸಂಖ್ಯೆ. ಅವನಿಗೆ ಯಾಕೋ ಹೆಮ್ಮೆಯಾಯಿತು.

ಅವನ ಮನೆ ಎರಡು ಕೋಣೆಯದು. ಊರಿನವರ ಮನೆಗಳಲ್ಲಿ ಮಿಕ್ಕಿದ ಟೈಲುಗಳನ್ನೇ ಅಲ್ಲಿ ಹಾಸಿದ್ದರಿಂದ ಒಂದಕ್ಕೊಂದು ಬಣ್ಣ ಕೂಡುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಒಂದು ಮರದ ಮೇಜು, ಮೇಜಿನ ಮೇಲೆ ದಿಂಬು, ದಿಂಬಿನ ಮೇಲೆ ಅಕ್ಕನ ಎರಡು ಕೈ, ಕೈಗಳ ಮೇಲೆ ಅವಳ ತಲೆ. ಅಂಗಾತ ಮಲಗಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಮೂರು ತಿಂಗಳಿಂದ ಅವಳ ಹಾಸಿಗೆ ಆ ಮೇಜೇ. ತಾಯಿ ಸತ್ತಾಗ ಹದಿನಾರು ವರ್ಷದವಳಾಗಿದ್ದ ಅವಳು ಕೈಕೂಸಾಗಿದ್ದ ತಮ್ಮನನ್ನು ಎತ್ತಿಕೊಂಡವಳು. ಇವತ್ತಿನವರೆಗೆ ಕೆಳಗಿಳಿಸಿರಲಿಲ್ಲ ಎಂದರೂ ತಪ್ಪಾಗದು.

"ಎಷ್ಟನೇ ನಂಬರೋ?"

"ಹತ್ತು ಲಕ್ಷದ ಏಳು ಅಕ್ಕ."

ಅಕ್ಕ ಸ್ವಲ್ಪ ಉಸಿರು ಕೂಡಿಸಿಕೊಂಡಳು. "ಸರಿ ಹಾಗಾದ್ರೆ. ಹತ್ತು ಲಕ್ಷ ಜನ ಮುಂದೆ ಇದ್ದಾರೆ. ಅವರೆಲ್ಲ ಹೋಗೋ ತನಕ ನಾನು ಹೋಗೋ ಹಾಗಿಲ್ಲ."

ಎದುರು ಮನೆಯ ಲೆಕ್ಕದ ಮೇಷ್ಟ್ರು ಸಂಜೆ ಎಂದಿನಂತೆ ಅಕ್ಕನನ್ನು ವಿಚಾರಿಸಲು ಬಂದರು. ನಲವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಕೇಳುವ ಮಕ್ಕಳಿಲ್ಲದೆ ಬಾಯಿ ತುಕ್ಕು ಹಿಡಿಯುತ್ತಿತ್ತು. ಚೀಟಿ ನೋಡಿದವರೇ ಕನ್ನಡಕವನ್ನು ಹಣೆಗೇರಿಸಿದರು.

"ಇದು ಒಡೆಯೋ ಜಾತಿ ಅಲ್ಲ ಅನ್ಸುತ್ತೆ."

"ಅಂದ್ರೆ ಮೇಷ್ಟ್ರೇ?"

"ಅವಿಭಾಜ್ಯ. ಒಂದರಿಂದ ಭಾಗ ಆಗುತ್ತೆ, ತನ್ನಿಂದ ತಾನು ಭಾಗ ಆಗುತ್ತೆ. ಮಧ್ಯೆ ಯಾರು ಬಂದರೂ ಶೇಷ ಉಳಿಸಿ ಕಳಿಸುತ್ತೆ. ನಿನ್ನ ಭಾಷೇಲಿ ಹೇಳಬೇಕಂದ್ರೆ, ಒಂದೇ ಉದ್ದ ಸಾಲಾಗಿ ಹಾಸಬಹುದು. ಚೌಕವಾಗಲಿ ಆಯತವಾಗಲಿ, ಯಾವ ಕೋಣೆಗೂ ಒಗ್ಗಲ್ಲ."

"ನನಗೆ ಆಗಲೇ ಗೊತ್ತಾಗಿತ್ತು," ಎಂದ ಮೇಸ್ತ್ರಿ. ಗೊತ್ತಾಗಿರಲಿಲ್ಲ.

ಮೇಷ್ಟ್ರು ಬಾಯಿಮಾತಿಗೆ ಒಪ್ಪುವವರಲ್ಲ. ಸಾವಿರದೊಳಗಿನ ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿ ನೋಡಿದರೆ ಸಾಕು, ನಿಜ ಹೊರಬೀಳುತ್ತದೆ ಎಂದರು. ಅಂಥವು ನೂರ ಅರವತ್ತೆಂಟು. ಮೇಜಿನ ಒಂದು ಮೂಲೆಯನ್ನು ಅಕ್ಕ ಬಿಟ್ಟುಕೊಟ್ಟಳು. ಎರಡು, ಮೂರು, ಐದು ಸುಲಭವಾಗಿ ಹೋದವು. ಹದಿನೇಳರಿಂದ ಭಾಗಿಸಿದಾಗ ಹದಿನಾರು ಉಳಿಯಿತು. ಹತ್ತೊಂಬತ್ತರಿಂದ ಭಾಗಿಸಿದಾಗ ಹದಿನೆಂಟು ಉಳಿಯಿತು. "ಎರಡು ಸಲಾನೂ ಒಂದೇ ಒಂದು ಟೈಲು ಕಮ್ಮಿ," ಎಂದು ಮೇಸ್ತ್ರಿ ಎದೆ ಹಿಡಿದುಕೊಂಡ. ಇಪ್ಪತ್ತಮೂರಕ್ಕೆ ಹದಿಮೂರು ಉಳಿಯಿತು. ಅಷ್ಟರಲ್ಲಿ ಅಕ್ಕನ ಉಸಿರು ಸಿಕ್ಕಿಹಾಕಿಕೊಂಡು ಮುಖ ನೀಲಿಯಾಯಿತು. ಇಬ್ಬರೂ ಕಾಗದ ಬಿಟ್ಟು ಎದ್ದರು. ಒಬ್ಬರು ಬೆನ್ನು ನೀವಿದರು, ಒಬ್ಬ ಕಿಟಕಿ ತೆರೆದ. ಕಾಲು ಗಂಟೆಯ ಮೇಲೆ ಅವಳು ಕೈಸನ್ನೆ ಮಾಡಿ, ನಿಮ್ಮ ಲೆಕ್ಕ ನೋಡಿಕೊಳ್ಳಿ ಎಂದಳು. ಮೇಷ್ಟ್ರು ಪೆನ್ಸಿಲು ಎತ್ತಿಕೊಂಡು ಮೂವತ್ತೊಂದರಿಂದ ಮುಂದುವರಿಸಿದರು. ಒಂಬತ್ತು ಉಳಿಯಿತು. ಮಧ್ಯದ ಇಪ್ಪತ್ತೊಂಬತ್ತು ಯಾರ ನೆನಪಿಗೂ ಬರಲಿಲ್ಲ.

ಮೂರನೆಯ ದಿನ ಕೊನೆಯ ಸಂಖ್ಯೆಯೂ ಶೇಷ ಉಳಿಸಿ ಹಿಂದೆ ಸರಿದಾಗ ಮೇಷ್ಟ್ರು ಒಂದು ಬಿಳಿ ಹಾಳೆಯಲ್ಲಿ, "ಈ ಮೂಲಕ ದೃಢೀಕರಿಸುವುದೇನೆಂದರೆ" ಎಂದು ಶುರುಮಾಡಿ, ಹತ್ತು ಲಕ್ಷದ ಏಳು ಅವಿಭಾಜ್ಯವೆಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿದರು. ಮೇಸ್ತ್ರಿ ಆ ಹಾಳೆಯನ್ನು ಒಂದು ಬಿಳಿ ಟೈಲಿಗೆ ಅಂಟಿಸಿ, ಸುತ್ತಲೂ ಬಿಳಿ ಸಿಮೆಂಟು ತುಂಬಿ, ಗೋಡೆಗೆ ಕೂರಿಸಿದ.

ಬೀದಿಗೆ ಸುದ್ದಿ ಹೋಗಲು ಮಧ್ಯಾಹ್ನದವರೆಗೂ ಬೇಕಾಗಲಿಲ್ಲ. ಕ್ಷೌರದವನು ಕತ್ತರಿ ಕೈಯಲ್ಲಿ ಹಿಡಿದೇ ಬಂದು ನೋಡಿದ. "ಇಂಥದೊಂದು ಸಂಖ್ಯೆ ನಮ್ಮಪ್ಪನ ಮನೆಗೂ ಇದ್ದಿದ್ರೆ ನಮ್ಮಣ್ಣ ಭಾಗ ಕೇಳ್ತಿರಲಿಲ್ಲ." ಮಹಡಿ ಮನೆಯ ಅಜ್ಜಿಗೆ ಕಣ್ಣು ಮಂದ, ಟೈಲನ್ನು ಬೆರಳಲ್ಲಿ ಸವರಿ, "ತಣ್ಣಗಿದೆ, ಒಳ್ಳೇದಾಗುತ್ತೆ," ಎಂದಳು. ದಿನಸಿ ಅಂಗಡಿಯವನು ಮಾತ್ರ, "ಭಾಗ ಆಗದಿದ್ರೆ ಲಾಭ ಏನು?" ಎಂದು ಕೇಳಿದ.

"ಯಾರು ಬಂದು ಹಂಚಿದ್ರೂ ಏನಾದ್ರೂ ಉಳೀಲೇಬೇಕು," ಎಂದ ಮೇಸ್ತ್ರಿ. "ನಮ್ಮಕ್ಕ ಉಳೀತಾಳೆ."

ಅಕ್ಕ ದಿಂಬಿನಿಂದ ತಲೆ ಎತ್ತದೆ, "ಕಚೇರಿಗೆ ಒಂದ್ಸಲ ಹೋಗಿ ಬಾರೋ," ಎಂದಳು. ಅವನು ಹೋಗಲಿಲ್ಲ. ಇಂಥ ಸಂಖ್ಯೆಯನ್ನು ಅವರಾಗಿಯೇ ಕರೆಯುತ್ತಾರೆ ಎಂದು ಅವನ ವಾದ. ಜಗತ್ತನ್ನು ದೇವರು ಎಣಿಸಿಯೇ ಸೃಷ್ಟಿಸಿದ್ದಾನೆಂದು ಪದ್ಯ ಹಾಡುವವರು ಹೇಳುತ್ತಾರೆ. ಎಣಿಸಿದ್ದನ್ನು ಯಾವ ಕಚೇರಿಯಲ್ಲಿ ಯಾರ ಕೈಗೆ ಕೊಟ್ಟನೆಂದು ಹೇಳುವ ಪದ್ಯ ಇನ್ನೂ ಕಿವಿಗೆ ಬಿದ್ದಿಲ್ಲ.

ಐದು ವಾರ ಕಳೆದವು. ಹತ್ತು ಲಕ್ಷದ ಮೂರನೆಯವಳಾಗಿದ್ದ ಲಾರಿ ಡ್ರೈವರನ ತಾಯಿಗೆ ಎಂಟೇ ದಿನದಲ್ಲಿ ಕಾಗದ ಬಂದು, ಆಪರೇಷನ್ನೂ ಆಗಿ, ಆಕೆ ತರಕಾರಿ ಗಾಡಿಯವನ ಹತ್ತಿರ ಚೌಕಾಸಿ ಮಾಡುತ್ತಿರುವುದನ್ನು ಕ್ಷೌರದವನು ಕಣ್ಣಾರೆ ಕಂಡು ಬಂದ. ಆವತ್ತು ಮೇಸ್ತ್ರಿ ಚಪ್ಪಲಿ ಮೆಟ್ಟಿಕೊಂಡ.

ಕಚೇರಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಜವಾನ ಕೂತಿದ್ದ. ಚೀಟಿ ನೋಡಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿದ. ಎಷ್ಟೋ ವರ್ಷದಿಂದ ಅದೇ ಲೆಕ್ಕ ಮಾಡಿ ಅವನಿಗೆ ಕಾಗದವೇ ಬೇಡವಾಗಿತ್ತು.

"ಇಪ್ಪತ್ತೊಂಬತ್ತನೇ ಮೇಜು."

"ಅಲ್ಲಿ ಯಾರು ಕೂರ್ತಾರೆ?"

"ಯಾರೂ ಕೂರಲ್ಲ."

ಜವಾನ ಗೋಡೆಯ ಮೇಲಿನ ಫಲಕ ತೋರಿಸಿದ. ಹಿಂದೆ ಅಲ್ಲಿ ಗುಮಾಸ್ತರು ಬೇಕಾದವರ ಫೈಲು ಎತ್ತಿಕೊಂಡು ಬೇಡವಾದವರದನ್ನು ಕಾಲಲ್ಲಿ ತಳ್ಳುತ್ತಿದ್ದರಂತೆ. ಅದನ್ನು ನಿಲ್ಲಿಸಲು ಹಳೆಯ ಸಾಹೇಬರೊಬ್ಬರು ಈ ನಿಯಮ ತಂದರು: ಅರ್ಜಿಯ ಸಂಖ್ಯೆಯನ್ನು ಸಭಾಂಗಣದಲ್ಲಿರುವ ಮೇಜುಗಳ ಸಂಖ್ಯೆಯಿಂದ ಭಾಗಿಸಬೇಕು. ಎಷ್ಟು ಶೇಷ ಉಳಿಯುತ್ತದೋ ಅಷ್ಟನೆಯ ಮೇಜಿಗೆ ಫೈಲು. ಶೇಷ ಸೊನ್ನೆಯಾದರೆ ಕೊನೆಯ ಮೇಜಿಗೆ. ಮೇಜುಗಳ ಸಂಖ್ಯೆ ಬದಲಾದ ದಿನವೇ ಎಲ್ಲ ಫೈಲುಗಳನ್ನೂ ಹೊಸದಾಗಿ ಹಂಚಬೇಕು. ಹಾಗಲ್ಲದೆ ಒಂದು ಮೇಜಿನ ಫೈಲನ್ನು ಇನ್ನೊಂದಕ್ಕೆ ಸರಿಸಿದ ಕೈಗೆ ಮರುದಿನ ಆ ಕಚೇರಿಯಲ್ಲಿ ಕೆಲಸವಿರುವುದಿಲ್ಲ.

"ಇಪ್ಪತ್ತೆಂಟು ಮೇಜಿಗೆ ಗುಮಾಸ್ತರಿದ್ದಾರೆ," ಎಂದ ಜವಾನ. "ಇಪ್ಪತ್ತೊಂಬತ್ತನೇದು ಸಾಹೇಬರದು. ಹಳೇ ಸಾಹೇಬರು ಅಲ್ಲೇ ಕೂತು, ಸೊನ್ನೆ ಬಂದವರಿಗೆ ಮೊದಲು ಸಹಿ ಹಾಕೋರು. ಪುಣ್ಯಾತ್ಮರು, ನಿವೃತ್ತರಾದ್ರು. ಈಗಿನವರಿಗೆ ಬಾಗಿಲಿರೋ ಕೋಣೆ ಇದೆ, ಅಲ್ಲಿ ಕೂರ್ತಾರೆ."

ಇಪ್ಪತ್ತೊಂಬತ್ತನೆಯ ಮೇಜು ಕಾಣಿಸುತ್ತಿರಲಿಲ್ಲ. ಏಳು ವರ್ಷದ ಫೈಲುಗಳು ಅದರ ಮೇಲೆ ಆಳೆತ್ತರಕ್ಕೆ ನಿಂತಿದ್ದವು.

ಬುದ್ಧಿ ಇರುವ ಮನುಷ್ಯನಾಗಿದ್ದರೆ ಇಲ್ಲಿ ಅಳುತ್ತಿದ್ದ. ಮೇಸ್ತ್ರಿ ನಕ್ಕ. "ನೀವು ತಪ್ಪು ಮಾಡಿದೀರಿ. ನಂದು ಅವಿಭಾಜ್ಯ. ಅದು ಇಪ್ಪತ್ತೊಂಬತ್ತರಿಂದ ಭಾಗ ಆಗಲ್ಲ."

"ಆಗುತ್ತೆ."

"ಆಗೋದಿಲ್ಲ. ಸರ್ಟಿಫಿಕೇಟ್ ಇದೆ."

ಒಳಗಿನ ಗುಮಾಸ್ತರು ಒಬ್ಬೊಬ್ಬರಾಗಿ ಪೆನ್ನು ಕೆಳಗಿಟ್ಟರು. ಮೇಜಿಗೆ ದಿನಕ್ಕೊಂದೇ ಸಹಿ ಬೀಳುವ ಕಚೇರಿಯಲ್ಲಿ ಬಿಡುವಿಗೆ ಬರವಿರಲಿಲ್ಲ. ಒಬ್ಬ, "ಭಾಗ ಆಗದೇ ಇರೋ ಸಂಖ್ಯೆ ಅಂತ ಇರುತ್ತಾ?" ಎಂದ. ಇನ್ನೊಬ್ಬ, "ನಮ್ಮ ಮಾವನ ಹಟ ಹಾಗೇ ಇದೆ," ಎಂದ. ಗಲಾಟೆಗೆ ಸಾಹೇಬರು ಕೋಣೆಯಿಂದ ಹೊರಬಂದು ವಿಷಯ ಕೇಳಿ, ತಲೆಯಾಡಿಸಿ, "ಆಕ್ಷೇಪಣೆ ಇದ್ರೆ ಬರವಣಿಗೇಲಿ ಕೊಡಿ. ತೀರ್ಮಾನ ಆಗೋ ತನಕ ಫೈಲು ಯಾರೂ ಮುಟ್ಟಬೇಡಿ," ಎಂದರು. ಏಳು ವರ್ಷದಿಂದ ಯಾರೂ ಮುಟ್ಟದ ರಾಶಿಯಲ್ಲಿದ್ದ ಫೈಲಿಗೆ ಇದು ವಿಶೇಷ ರಕ್ಷಣೆ.

ಮೇಸ್ತ್ರಿ ಮನೆಗೆ ಬಂದು ಉಳಿಯಿಂದ ಗೋಡೆ ಕೆತ್ತಿ ಟೈಲನ್ನು ಬಿಡಿಸಿ, ಅರ್ಜಿಯ ಜೊತೆ ಲಗತ್ತಾಗಿ ಕೊಟ್ಟ. ಲಗತ್ತಿಗೆ ತೂತು ಹೊಡೆಯಲು ಆಗುವುದಿಲ್ಲವೆಂದು ಅದನ್ನು ಸ್ವೀಕರಿಸಲು ನಾಲ್ಕು ದಿನ ಹಿಡಿಯಿತು. ಒಂಬತ್ತನೆಯ ದಿನ ವಿಚಾರಣೆ. ಮೇಷ್ಟ್ರನ್ನೂ ಕರೆಸಿದರು, ಅವರು ಒಗೆದ ಅಂಗಿ ಹಾಕಿಕೊಂಡು ಬಂದರು.

ಹಿರಿಯ ಗುಮಾಸ್ತ ಎಲ್ಲರೆದುರಿಗೆ ಹಲಗೆಯ ಮೇಲೆ ಭಾಗಿಸಿದ. ಇಪ್ಪತ್ತೊಂಬತ್ತು ಸಾಲು, ಸಾಲಿಗೆ ಮೂವತ್ತನಾಲ್ಕು ಸಾವಿರದ ನಾನೂರ ಎಂಬತ್ತಮೂರು. ಶೇಷ ಸೊನ್ನೆ.

ಮೇಷ್ಟ್ರು ಸೀಮೆಸುಣ್ಣ ಕಸಿದುಕೊಂಡು ತಾವೇ ಭಾಗಿಸಿದರು. ಒರೆಸಿ ಮತ್ತೆ ಭಾಗಿಸಿದರು. ಮೂರನೆಯ ಸಲ ಭಾಗಿಸಿ, ಕೊನೆಯ ಸೊನ್ನೆಯನ್ನು ಬರೆಯದೆ ಕೈ ಇಳಿಬಿಟ್ಟು ನಿಂತರು.

"ಇಪ್ಪತ್ತೊಂಬತ್ತು ಬಿಟ್ಟುಹೋಯ್ತು," ಎಂದರು. "ಆವತ್ತು ಅಕ್ಕನಿಗೆ ಉಸಿರು ಕಟ್ಟಿತ್ತು."

"ಅದನ್ನೂ ಬರವಣಿಗೇಲಿ ಕೊಡಿ," ಎಂದರು ಸಾಹೇಬರು.

ಮೇಸ್ತ್ರಿ ಹಲಗೆಯನ್ನೇ ನೋಡುತ್ತಿದ್ದ. ಅಷ್ಟುದ್ದದ ಓಣಿ, ಇಪ್ಪತ್ತೊಂಬತ್ತು ಟೈಲಿನ ಅಗಲ, ಒಂದೂ ತುಂಡು ಮಿಗದ ನೆಲ. ಅವನ ಇಡೀ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾಗಿ ಕೂತ ಕೆಲಸವೊಂದೂ ಇರಲಿಲ್ಲ. ಹೊರಗೆ ಬಂದ ಮೇಲೆ ಕೇಳಿದ, "ಈಗ ಏನು ಮಾಡೋದು ಮೇಷ್ಟ್ರೇ?"

ಮೇಷ್ಟ್ರು ಗೇಟಿನವರೆಗೆ ಹೋದವರು ಹಿಂತಿರುಗಿ ಬಂದು ಫಲಕವನ್ನು ಮತ್ತೊಮ್ಮೆ, ಪರೀಕ್ಷೆಯ ಉತ್ತರ ಪತ್ರಿಕೆ ಓದುವ ಹಾಗೆ, ಸಾಲು ಸಾಲಾಗಿ ಓದಿದರು.

"ಸಭಾಂಗಣದಲ್ಲಿರುವ ಮೇಜುಗಳು ಅಂತಿದೆ. ಗುಮಾಸ್ತರು ಅಂತಿಲ್ಲ. ಕಚೇರಿಯ ಮೇಜು ಅಂತಾನೂ ಇಲ್ಲ."

"ಇಲ್ದಿದ್ರೆ?"

"ಮೂವತ್ತು ಮೇಜಾದ್ರೆ ನಿನಗೆ ಹದಿನೇಳು ಉಳಿಯುತ್ತೆ. ಹದಿನೇಳರಲ್ಲಿ ಮನುಷ್ಯ ಇದ್ದಾನೆ. ನಿಮ್ಮನೇಲಿ ಮೇಜಿದೆಯಲ್ಲ?"

ಅಕ್ಕನನ್ನು ಎಬ್ಬಿಸಿ ಗೋಡೆಗೆ ಒರಗಿಸಿ ಮೇಸ್ತ್ರಿ ಮೇಜನ್ನು ಎಳೆದುಕೊಂಡ. ಅದರ ಬದಲಿಗೆ ಆರು ಟೈಲ್ಸ್ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಮೇಲೆ ದಿಂಬು ಇಟ್ಟ. ಅಕ್ಕ ಒರಗಿ ನೋಡಿದಳು.

"ಅಂಚು ಎದೆಗೆ ಒತ್ತುತ್ತೆ ಕಣೋ."

"ಸ್ವಲ್ಪ ದಿನ ಅಷ್ಟೇ ಅಕ್ಕ."

"ಸ್ವಲ್ಪ ದಿನಾನೇ ನನ್ನ ಹತ್ರ ಇರೋದು," ಎಂದಳು ಅಕ್ಕ. "ಹೋಗಿ ಬಾ."

ಕಚೇರಿಯ ಗೇಟಿನಲ್ಲಿ ಇಸ್ತ್ರಿ ಅಂಗಡಿಯವಳು ಸಿಕ್ಕಳು. ಅವಳ ಫೈಲು ಹದಿಮೂರನೆಯ ಮೇಜಿನಲ್ಲಿ ದಿನಕ್ಕೊಂದು ಹೆಜ್ಜೆ ಮೇಲೇರಿ, ಅಂದಿಗೆ ಎಲ್ಲಕ್ಕಿಂತ ಮೇಲೆ ಬಂದಿತ್ತು. ಮರುದಿನ ಸಹಿ. ಆ ಖುಷಿಯಲ್ಲಿ ಅವಳು ಮೇಸ್ತ್ರಿಯ ಅವಸ್ಥೆ ನೋಡಲಾರದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಹಿಂದಿನ ಎರಡು ಕಾಲು ಹಿಡಿದುಕೊಂಡಳು.

"ನಿಮ್ಮ ಕಡೆ ಎತ್ತಿ ಅಣ್ಣಾ. ಮೆಟ್ಟಿಲಿದೆ, ನೋಡಿಕೊಂಡು."

ಸಾಹೇಬರಿಗೆ ಆದ ಸಂತೋಷ ಹೇಳತೀರದು. ಪೀಠೋಪಕರಣ ಬೇಕೆಂದು ಏಳು ವರ್ಷದಿಂದ ಮೇಲಿನವರಿಗೆ ಬರೆದು ಬರೆದು ಅವರ ಬೆರಳು ಸವೆದಿತ್ತು. ಇದು ಕೇಳದೆಯೇ ನಡೆದು ಬಂದ ಮೇಜು. ಜವಾನ ಅದರ ಕಾಲಿಗೆ ಬಣ್ಣದಲ್ಲಿ ಮೂವತ್ತು ಎಂದು ಬರೆದ. "ಇನ್ನೂ ಎಷ್ಟು ಹಿಡಿಸುತ್ತೆ ಇಲ್ಲಿ?" ಎಂದು ಸಾಹೇಬರು ಆಸೆಯಿಂದ ಕೇಳಿದರು. ನೆಲದ ವಿಷಯಕ್ಕೆ ತನ್ನ ಅಭಿಪ್ರಾಯ ಕೇಳಿದ್ದು ಮೇಸ್ತ್ರಿಯ ತಲೆಗೇರಿತು. ಟೇಪು ತೆಗೆದು, ಉದ್ದ ಅಳೆದು, ಅಗಲ ಅಳೆದು, ಮೂಲೆಯಿಂದ ಮೂಲೆಗೂ ಅಳೆದು, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಿ, "ಮೂವತ್ತು. ಒಂದು ಹೆಚ್ಚಾದ್ರೂ ಬಾಗಿಲು ತೆಗೆಯೋಕಾಗಲ್ಲ," ಎಂದು ತೀರ್ಪು ಕೊಟ್ಟ. ಸಾಹೇಬರು ಅದನ್ನು ಅವನಿಂದಲೇ ಬರೆಸಿ ಸಹಿ ಹಾ‌ಕಿಸಿಕೊಂಡು, ಆ ಕ್ಷಣವೇ ಆದೇಶ ಹೊರಡಿಸಿದರು: ಇನ್ನು ಒಳಗೆ ಯಾವ ಮೇಜನ್ನೂ ಬಿಡತಕ್ಕದ್ದಲ್ಲ, ಕೊಟ್ಟವರು ಹೊರಗೆ ಒಯ್ದರೆ ಮತ್ತೆ ಒಳಗೆ ತರತಕ್ಕದ್ದಲ್ಲ.

ಆಮೇಲೆ ಹೊಸ ಹಂಚಿಕೆ. ಏಳು ವರ್ಷದ ರಾಶಿ ಕೆಳಗಿಳಿಯಿತು. ಧೂಳಿನಲ್ಲಿ ನಿಂತು ಜವಾನ ಒಂದೊಂದೇ ಸಂಖ್ಯೆ ಕೂಗಿದ. ಬದುಕಿದ್ದವರ ಕಡೆಯವರು ಕಾರಿಡಾರಿನಿಂದ ಓಗೊಟ್ಟರು. ಬಹಳ ಸಂಖ್ಯೆಗಳಿಗೆ ಯಾರೂ ಓಗೊಡಲಿಲ್ಲ.

"ಹತ್ತು ಲಕ್ಷದ ಏಳು. ಹದಿನೇಳನೇ ಮೇಜು."

"ನೋಡಿದ್ರಾ ಅಣ್ಣಾ," ಎಂದಳು ಇಸ್ತ್ರಿ ಅಂಗಡಿಯವಳು. ಅವಳ ಕಣ್ಣಲ್ಲಿ ನೀರಿತ್ತು.

ಮೇಸ್ತ್ರಿ ಹದಿನೇಳನೆಯ ಮೇಜಿಗೆ ಓಡಿ ನೋಡಿದ. ಅವನ ಫೈಲಿನ ಮೇಲೆ ಹಳೆಯ ಸಂಖ್ಯೆಯ ಒಂಬತ್ತು ಫೈಲುಗಳಿದ್ದವು. ಮೇಲಿನ ಆರರ ಅಂಚನ್ನು ಗೆದ್ದಲು ತಿಂದಿತ್ತು.

"ಸ್ವಾಮಿ, ಈ ಆರು ಜನ ಇರೋ ಹಾಗೆ ಕಾಣಲ್ಲ. ಕೂಗಿದಾಗ ಯಾರೂ ಬರಲಿಲ್ಲ."

"ಸತ್ತಿದ್ದಾರೆ ಅಂತ ನಿಮ್ಮ ಹತ್ರ ಏನಾದ್ರೂ ಬರವಣಿಗೇಲಿ ಇದೆಯಾ?" ಎಂದ ಹದಿನೇಳನೆಯ ಗುಮಾಸ್ತ.

"ಇಲ್ಲ."

"ಹಾಗಾದ್ರೆ ಅವರ ಆಪರೇಷನ್‌ಗೆ ಅನುಮತಿ ಕೊಡಲೇಬೇಕು. ದಿನಕ್ಕೊಬ್ಬರಿಗೆ. ನಿಮ್ಮದು ಹತ್ತನೇ ದಿನ."

ಮೇಸ್ತ್ರಿ ಬೆರಳು ಮಡಚಿ ಎಣಿಸಿದ. ಡಾಕ್ಟರು ಹೇಳಿದ ಎರಡು ತಿಂಗಳಲ್ಲಿ ಹದಿಮೂರು ದಿನ ಉಳಿದಿತ್ತು. ಹತ್ತು ಕಳೆದರೂ ಮೂರು ಮಿಕ್ಕುತ್ತದೆ. ಅವನು ಮೊದಲ ಸಲ ಗಟ್ಟಿಯಾಗಿ ಉಸಿರು ಬಿಟ್ಟ.

"ಹತ್ತು ಲಕ್ಷದ ಇಪ್ಪತ್ತು," ಎಂದು ಜವಾನ ಕೂಗಿ, ತುಟಿ ಅಲ್ಲಾಡಿಸಿ, ನಿಲ್ಲಿಸಿದ. ಮತ್ತೆ ತುಟಿ ಅಲ್ಲಾಡಿಸಿದ. "ಶೇಷ ಸೊನ್ನೆ. ಕೊನೇ ಮೇಜು. ಮೂವತ್ತು."

"ಮೂವತ್ತಾ? ಅಲ್ಲಿ ಯಾರು ಕೂರ್ತಾರೆ?" ಎಂದಳು ಅವಳು.

ಜವಾನ ಮೇಸ್ತ್ರಿಯ ಮುಖ ನೋಡಿದ. ಆಮೇಲೆ ಅವಳ ಗಂಡನ ಫೈಲನ್ನು ತಂದು ಅಕ್ಕನ ಮೇಜಿನ ಮೇಲಿಟ್ಟ. ದಿಂಬು ಇದ್ದ ಜಾಗದಲ್ಲಿ ಮರ ಇನ್ನೂ ನುಣುಪಾಗಿ ಹೊಳೆಯುತ್ತಿತ್ತು. ಫೈಲು ಸರಿಯಾಗಿ ಅಲ್ಲಿಯೇ ಕೂತಿತು.

ಮರುದಿನ ಅವಳು, ಮೇಜು ಮೂವತ್ತೊಂದಾಗಲೆಂದು, ಇಸ್ತ್ರಿ ಮಾಡುವ ತನ್ನ ಮೇಜನ್ನೇ ತಳ್ಳುಗಾಡಿಯಲ್ಲಿ ಹಾಕಿಕೊಂಡು ಬಂದಳು. ಬಾಗಿಲಲ್ಲಿ ಅವಳಿಗೆ ಮೇಸ್ತ್ರಿಯ ಸಹಿ ಇದ್ದ ಕಾಗದ ಓದಿ ಹೇಳಿದರು. ಲೆಕ್ಕದ ಮೇಷ್ಟ್ರು ಇನ್ನೊಂದು ದಾರಿ ಹುಡುಕಿ ಸಾಹೇಬರ ಕೋಣೆಗೆ ಹೋದರು. ಯಾರೂ ಕೂರದ ಇಪ್ಪತ್ತೊಂಬತ್ತನೆಯ ಮೇಜನ್ನೂ ಮೇಸ್ತ್ರಿಯ ಮೇಜನ್ನೂ ಎರಡನ್ನೂ ಹೊರಗೆ ಹಾಕಿದರೆ ಇಪ್ಪತ್ತೆಂಟಾಗುತ್ತದೆ, ಆಗ ಇಬ್ಬರ ಫೈಲೂ ಗುಮಾಸ್ತರಿರುವ ಮೇಜಿಗೇ ಬರುತ್ತದೆ ಎಂದು ಕಾಗದದ ಮೇಲೆ ತೋರಿಸಿದರು.

"ಅದು ನನ್ನ ಹುದ್ದೆಯ ಮೇಜು," ಎಂದರು ಸಾಹೇಬರು. "ಮೇಜು ಹೋದ್ರೆ ಹುದ್ದೆ ಹೋದ ಹಾಗೆ."

"ಹಾಗಿದ್ರೆ ಅಲ್ಲಿ ಕೂತು ಸಹಿ ಹಾಕಿ."

"ಅಲ್ಲಿ ಕೂತ್ರೆ ಗುಮಾಸ್ತ ಆದ ಹಾಗೆ. ಮೇಷ್ಟ್ರೇ, ನಿಮ್ಮ ಲೆಕ್ಕ ಒಂದ್ಸಲ ತಪ್ಪಿದೆ. ದಯವಿಟ್ಟು ಮನೆಗೆ ಹೋಗಿ."

ಮೇಷ್ಟ್ರು ಹೋದರು. ಮೇಸ್ತ್ರಿಯ ಮನೆಗೆ ಬಂದು ಅಕ್ಕನ ಪಕ್ಕದಲ್ಲಿ ಕೂತರು. ಪೆಟ್ಟಿಗೆಗಳ ಅಂಚು ಒತ್ತಿ ಅಕ್ಕನ ಮುಂಗೈಯಲ್ಲಿ ಎರಡು ಕೆಂಪು ಗೆರೆ ಎದ್ದಿದ್ದವು. ಮಧ್ಯಾಹ್ನದ ಬಿಸಿಲಲ್ಲಿ ಇಸ್ತ್ರಿ ಅಂಗಡಿಯವಳು ಬಂದಾಗ ಅವರು ಮೂವರೂ ಹಾಗೆಯೇ ಇದ್ದರು. ಅವಳು ಹೊಸ್ತಿಲ ಹೊರಗೆ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ಅಣ್ಣಾ, ಮೇಜು ವಾಪಸ್ ತಂದುಬಿಡಿ."

ಮೇಸ್ತ್ರಿ ಅಕ್ಕನ ದಿಂಬು ಸರಿಮಾಡಿದ.

"ನೀವು ಇವತ್ತು ತಂದ್ರೆ ನಂದು ಇವತ್ತೇ ಹದಿಮೂರಕ್ಕೆ ಹೋಗುತ್ತೆ. ಎಲ್ಲಕ್ಕಿಂತ ಮೇಲೆ ಇತ್ತು, ಮೇಲೇ ಇರುತ್ತೆ. ನಾಳೆ ಸಹಿ. ಅವರು ನೀರೂ ಕುಡೀತಿಲ್ಲ ಅಣ್ಣಾ. ಈ ವಾರ ಅಂದಿದ್ದಾರೆ ಆಸ್ಪತ್ರೇಲಿ."

"ತಂದ್ರೆ ನಮ್ಮದು ಇಪ್ಪತ್ತೊಂಬತ್ತಕ್ಕೆ ಹೋಗುತ್ತೆ," ಎಂದ ಮೇಸ್ತ್ರಿ.

"ಗೊತ್ತು."

"ಮತ್ತೆ ಒಳಗೆ ಬಿಡಲ್ಲ."

"ಗೊತ್ತು ಅಣ್ಣಾ. ಬೇರೆ ಏನಾದ್ರೂ ಇದ್ದಿದ್ರೆ ಬರ್ತಿರಲಿಲ್ಲ." ಅವಳು ತನ್ನ ಕೈಗಳನ್ನು ನೋಡಿಕೊಂಡಳು. "ನಾನೇ ಹಿಡಿದು ಒಳಗೆ ತಂದೆ ಅದನ್ನ."

ಮೇಷ್ಟ್ರು ಅಂಗಿಯ ಜೇಬಿನಿಂದ ಪೆನ್ಸಿಲು ತೆಗೆದು, ಕಾಗದ ಹುಡುಕಿ, ಸಿಗದೆ, ಅದನ್ನು ಮತ್ತೆ ಜೇಬಿಗೇ ಇಟ್ಟುಕೊಂಡರು. ಬೀದಿಯಲ್ಲಿ ಕ್ಷೌರದವನು ಕುರ್ಚಿ ಒರೆಸುವುದನ್ನು ನಿಲ್ಲಿಸಿದ್ದ. ಮಹಡಿಯಿಂದ ಅಜ್ಜಿ, "ಯಾರದು ಬಂದಿರೋದು?" ಎಂದು ಕೇಳಿದಳು.

ಅಕ್ಕ ದಿಂಬಿನಿಂದ ತಲೆ ಎತ್ತಿದಳು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಅವಳಿಗೆ ಬಹಳ ಹೊತ್ತು ಬೇಕಾಯಿತು.

"ನನಗೂ ಒರಗೋಕೆ ಆಗ್ತಿಲ್ಲ. ತಂದುಬಿಡೋ."

ಮೇಸ್ತ್ರಿ ಎದ್ದ. ಹೊಸ್ತಿಲವರೆಗೆ ಬಂದು, ಬಾಗಿಲಿನ ಎರಡು ಕಡೆಗೂ ಕೈ ಊರಿ, ಒಳಗಿದ್ದವಳು ಹೊರಗಿನವಳಿಗೆ ಕಾಣಿಸದ ಹಾಗೆ ನಿಂತುಕೊಂಡ.

"ಇಲ್ಲ," ಎಂದ. "ತರಲ್ಲ."